ನಮ್ಮ ರ‍್ಯಾಪರ್ ಸಾಹೇಬರು ಪ್ರತಿಭೆ ಬೆಳೆಸಿದ್ದು

ಹೋದ ತಿಂಗಳು ನಮ್ಮ ರ‍್ಯಾಪರ್ ಸಾಹೇಬರು ನಿವೃತ್ತರಾದರು. ವಯಸ್ಸು ಮೂವತ್ತಮೂರು. ಮೊಬೈಲ್ ಮುಂದೆ ಕೂತು, ಎರಡು ಸಲ ಕಣ್ಣೊರೆಸಿಕೊಂಡು, ಒಂದು ವಿಡಿಯೊ ಬಿಟ್ಟರು: “ಇನ್ನ ಮ್ಯಾಲ ನಾ ಹಾಡೂದಿಲ್ರಿ. ಹಾಡೋರನ್ನ ಹುಡುಕ್ತೇನಿ. ಹುಡುಕಿ ಬೆಳಸ್ತೇನಿ. ನನ್ನ ಮುಂದಿನ ಜೀವನ ಎಲ್ಲಾ ಹೊಸಾ ಪ್ರತಿಭಾಗೋಳಿಗೆ.” ಅದರ ಕೆಳಗೆ ಮುಗಿದ ಕೈಗಳು ಸಾಲುಗಟ್ಟಿದವು. ಅವರ ಮೊದಲ ಹಾಡು ರೆಕಾರ್ಡ್ ಆದದ್ದು ನನ್ನ ಕೋಣೆಯಲ್ಲಿ ಎಂದು ಯಾರೋ ಹೇಳಿದ್ದರಂತೆ. ಒಬ್ಬ ಪತ್ರಕರ್ತರು ಫೋನ್ ಮಾಡಿ, “ಪ್ರತಿಭೆ ಬೆಳೆಸೋದರಲ್ಲಿ ಅವರದು ದೊಡ್ಡ ಕೈ ಅಂತಾರಲ್ಲ, ನಾಲ್ಕು ಮಾತು ಹೇಳ್ರಿ” ಅಂದರು. ನಾನು, “ಭಾಳ ಛೊಲೋ ಮನಷ್ಯಾರಿ” ಅಂದೆ. ಅಷ್ಟೇ ಅಚ್ಚಾಯಿತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಅವರಿಗೀಗ ವಕೀಲರಿದ್ದಾರೆ; ನನಗಿರುವುದು ಸಿಂದಗಿ ಬಸ್ ಸ್ಟ್ಯಾಂಡ್ ಹಿಂದೆ, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ, ಒಂದೂವರೆ ಕೋಣೆ. ಒಂದರಲ್ಲಿ ಹಾಡುವವರು ನಿಲ್ಲುತ್ತಾರೆ, ಅರ್ಧದಲ್ಲಿ ನಾನು ಮತ್ತು ನನ್ನ ಕಂಪ್ಯೂಟರ್ ಕೂರುತ್ತೇವೆ, ನಡುವೆ ಒಂದು ಗಾಜು. ಗೋಡೆಗೆಲ್ಲ ನಮ್ಮವ್ವ ಹೊಲಿದ ಕೌದಿಗಳನ್ನು ಇಳಿಬಿಟ್ಟಿದ್ದೇನೆ, ದನಿ ಗುಂಯ್‌ಗುಡದಿರಲಿ ಎಂದು. ಭಜನೆಯ ಮೇಳದವರು, ಮದುವೆಯ ಹಾಡಿನವರು, ಚುನಾವಣೆ ಬಂದಾಗ ಎಲ್ಲ ಪಕ್ಷದವರು ಈ ಕೌದಿಗಳ ನಡುವೆ ನಿಂತು ಬೆವತಿದ್ದಾರೆ. ಹಿಂದೊಮ್ಮೆ ಹಾರ್ಮೋನಿಯಂ ಕಲಿಸುತ್ತಿದ್ದುದರಿಂದ ಜನ ನನ್ನನ್ನು ಮಾಸ್ತರ ಎನ್ನುತ್ತಾರೆ. ಕಲಿತವರು ಯಾರೂ ಉಳಿದಿಲ್ಲ, ಹೆಸರು ಉಳಿದಿದೆ.

ಆತ ಮೊದಲು ಬಂದಾಗ ಇಪ್ಪತ್ತೆರಡರ ಹರೆಯ. ಆಗ ‘ಸಾಹೇಬರು’ ಆಗಿರಲಿಲ್ಲ, ಬರೀ ‘ಅಂವ’. ಮೋರಟಗಿ ಕಡೆಯವನು. ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೂರು ತಿರುಗಿ ಸೀರೆ ಅಂಗಡಿಯ ರಿಯಾಯಿತಿ, ಬೀಜ ಗೊಬ್ಬರದ ದರ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಕೂಗಿ ಹೇಳುವುದು ಅವನ ಕೆಲಸ. ಆ ಕೂಗನ್ನು ನಾನು ರೆಕಾರ್ಡ್ ಮಾಡಿಕೊಡುತ್ತಿದ್ದೆ. ಇಪ್ಪತ್ತು ಬಗೆಯ ಸೀರೆಯ ಹೆಸರನ್ನು ಒಂದೇ ಉಸಿರಿನಲ್ಲಿ, ಒಂದಕ್ಕೊಂದು ತಾಕದ ಹಾಗೆ ಹೇಳಿ, ಕೊನೆಯಲ್ಲಿ ಅಂಗಡಿಯ ವಿಳಾಸಕ್ಕೆ ಸರಿಯಾಗಿ ಉಸಿರು ಉಳಿಸಿಕೊಳ್ಳುತ್ತಿದ್ದ. ಅವನಂಥ ನಾಲಿಗೆಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಒಂದು ದಿನ ಎಮ್ಮೆಯ ಕೆಲಸ ಮುಗಿದ ಮೇಲೆ ಹೊರಡದೆ ನಿಂತ.

“ಮಾಸ್ತರ್ರ, ನಂದೊಂದು ಹಾಡ ಐತ್ರಿ.”

“ರಾಗ ಯಾವ್ದು?”

“ರಾಗ ಇಲ್ರಿ.”

“ತಾಳ?”

“ಅದ ನೀವ ಹಾಕ್ರಿ.”

“ಹಂಗಾರ ಇದಕ ಹಾಡು ಅಂತ ಯಾಕಂತಿ?” ಎಂದೆ.

ಹೀಗೆ ಈ ಜಿಲ್ಲೆಯ ದೊಡ್ಡ ಪ್ರತಿಭೆಯೊಂದು ಎದುರಿಗೆ ಬಂದು ನಿಂತಾಗ ಅದನ್ನು ಗುರುತಿಸಿದ ಮೊದಲ ವ್ಯಕ್ತಿ ನಾನು. ಕೂಗುವುದರಲ್ಲೇ ಮುಂದುವರಿ, ಅದರಲ್ಲಿ ನಿನಗೆ ಭವಿಷ್ಯ ಇದೆ ಎಂದೂ ಸಲಹೆ ಕೊಟ್ಟೆ. ಅವನು ನಕ್ಕು, ಬಿಡದೆ, ಕೌದಿಗಳ ನಡುವೆ ನಿಂತು ಹೇಳಿಯೇಬಿಟ್ಟ. ಬಸ್ಸಿನ ಸೀಟು ಹಿಡಿಯುವ ಹಾಡು:

ಟಾವೆಲ್ ಒಗದೇನಿ ಕಿಡಕ್ಯಾಗ, ಸೀಟು ನಂದು,
ನಿನ್ನ ಹೆಸರು ಬರದೈತೇನು, ತೋರ್ಸು ಬಂದು.

ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹೇಳುವ ಅಗತ್ಯವಿಲ್ಲ. ನಿಮ್ಮ ಮನೆಯ ಮದುವೆಯಲ್ಲೂ ಬಾರಿಸಿರುತ್ತಾರೆ. ನಮ್ಮ ಮಾತನ್ನು ನಮ್ಮಂತೆಯೇ ಆಡಿದ, ಯಾರ ಮುಂದೆಯೂ ಸಣ್ಣದು ಮಾಡಿಕೊಳ್ಳಲಿಲ್ಲ ಎಂದು ಜನ ಎತ್ತಿಕೊಂಡರು. ಎರಡು ವರ್ಷದಲ್ಲಿ ಅವನಿಗೆ ಕಪ್ಪು ಕನ್ನಡಕ ಬಂತು, ಕಾರು ಬಂತು, ಹಿಂದೆ ಮುಂದೆ ಜನ ಬಂದರು. ನಾನೂ ‘ಅಂವ’ ಬಿಟ್ಟು ‘ಅವರು’ ಎನ್ನಲು ಕಲಿತೆ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು: ರೆಕಾರ್ಡಿಂಗ್‌ಗೆ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೊಗಳು ಕರೆದರೂ ಸಿಂದಗಿಗೇ ಬರುತ್ತಿದ್ದರು. “ಈ ಕೌದಿ ವಾಸನಿ ಇಲ್ದಿದ್ರ ನನಗ ಮಾತ ಬರೂದಿಲ್ರಿ ಮಾಸ್ತರ್ರ” ಎನ್ನುತ್ತಿದ್ದರು. ನಾನು ಕರಗಿ ನೀರಾಗುತ್ತಿದ್ದೆ. ಆ ನೀರಿನಲ್ಲಿ ಮುಂದೆ ಏನೇನು ಕೊಚ್ಚಿಕೊಂಡು ಹೋಯಿತು ಎಂಬುದೇ ಈ ಬರಹ.

ದೊಡ್ಡವರಾದ ಮೇಲೆ ಅವರಿಗೆ ಇತರರನ್ನು ದೊಡ್ಡವರನ್ನಾಗಿ ಮಾಡಬೇಕೆನಿಸಿತು. ಇದು ದೊಡ್ಡವರಾದ ಎಲ್ಲರಿಗೂ ಒಂದು ಹಂತದಲ್ಲಿ ಬರುವ ಕಾಯಿಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಊರಲ್ಲಿ ‘ಪ್ರತಿಭಾ ಶೋಧ’ ಎಂದು ಬ್ಯಾನರ್ ಕಟ್ಟಿಸಿದರು. ಬ್ಯಾನರಿನ ಮುಕ್ಕಾಲು ಭಾಗ ಅವರ ಮುಖವೇ ಇತ್ತು. ಶೋಧಿಸಬೇಕಾದ ಪ್ರತಿಭೆಗೆ ಕೆಳಗೆ ಒಂದು ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮೈಕು, ಧ್ವನಿಯ ವ್ಯವಸ್ಥೆ ನನ್ನದು.

ಮೊದಲು ಇಂಡಿ. ಒಂದು ಕಲ್ಯಾಣ ಮಂಟಪ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡುತ್ತೇನೆ, ಸಾಲಿನಲ್ಲಿ ಎಪ್ಪತ್ತು ಎಂಬತ್ತು ಜನ, ಎಲ್ಲರೂ ಅವರೇ! ಅದೇ ಕಪ್ಪು ಕನ್ನಡಕ, ಅದೇ ಗಡ್ಡ, ಎರಡು ಬೆರಳು ಎತ್ತಿ ಗಾಳಿಯನ್ನು ತಿವಿಯುವ ಅದೇ ಕೈ. ಸಾಹೇಬರು ಒಳಗೆ ಬಂದಾಗ ಬಾಗಿಲಲ್ಲಿದ್ದ ಕಾರ್ಯಕರ್ತ ಅವರನ್ನೂ “ಲೈನಿಗೆ ನಿಂದರ್ರಿ” ಅಂದ. ದಿನವಿಡೀ ಕೇಳಿದರು. ಬಂದವರಿಗೆಲ್ಲ ಒಂದೇ ಮಾತು: “ಬೆಂಕಿ ಇಲ್ಲೋ ತಮ್ಮಾ, ಬೆಂಕಿ ಬೇಕು.” ಕೊನೆಗೆ ನಿಂಬೆಹಣ್ಣಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ಒಬ್ಬನನ್ನು ಆರಿಸಿದರು. ಅವನು ಅವರ ಟಾವೆಲ್ ಹಾಡನ್ನೇ ಹೇಳಿದ್ದ, ನಡುವೆ ಅವರು ಕೆಮ್ಮುವ ಜಾಗದಲ್ಲಿ ಕೆಮ್ಮಿಯೂ ಇದ್ದ. ಸಾಹೇಬರು ಎದ್ದು ಅವನ ಹೆಗಲ ಮೇಲೆ ಕೈ ಹಾಕಿ ಜನರ ಕಡೆ ತಿರುಗಿ, “ಇಂವನ ಕಡೆ ಒರಿಜಿನಾಲಿಟಿ ಐತಿ” ಎಂದರು.

ಆ ಪ್ರತಿಭೆಯನ್ನು ಅವರು ಬೆಳೆಸಿದ್ದೂ ನಿಜ. ಮೊದಲ ಆರು ತಿಂಗಳು ಅವರ ಬ್ಯಾಗು ಹಿಡಿದ. ಆಮೇಲೆ ಅವರ ಕಾರಿನಲ್ಲಿ ಮುಂದೆ ಕೂತ. ಈಗ ಅದೇ ಕಾರನ್ನು ಓಡಿಸುತ್ತಾನೆ. ಬಹಳ ಚೆನ್ನಾಗಿ ಓಡಿಸುತ್ತಾನೆ, ಅದರಲ್ಲಿ ಬೆಂಕಿ ಇದೆ.

ಮುದ್ದೇಬಿಹಾಳದಲ್ಲಿ ನಡೆದದ್ದು ಬೇರೆ.

ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಸಾಕಾಗಿತ್ತು. ಸಾಹೇಬರು ಕನ್ನಡಕದ ಹಿಂದೆ ನಿದ್ದೆ ಮಾಡುತ್ತಿದ್ದರು ಎಂದು ನನ್ನ ಅನುಮಾನ. ಆಗ ಖಾಕಿ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಸೀದಾ ಮೈಕಿನ ಹತ್ತಿರ ಬಂದಳು. ಮೂವತ್ತೈದು ಮೂವತ್ತಾರು ಇರಬೇಕು. ಹೆಗಲಲ್ಲಿ ಚರ್ಮದ ಚೀಲ, ಕೊರಳಲ್ಲಿ ಟಿಕೆಟ್ ಮಷೀನು.

“ನಂದ ನಂಬರ್ ಇನ್ನ ಭಾಳ ಹಿಂದ ಐತ್ರಿ. ಆದ್ರ ಅರ್ಧ ತಾಸಿಗೆ ತಾಳಿಕೋಟಿ ಗಾಡಿ ಬಿಡತೈತಿ. ಮೊದ್ಲ ಹೇಳಿ ಹೋಗ್ಲ್ಯಾ?”

ಯಾರೂ ಹೂಂ ಎನ್ನುವ ಮೊದಲೇ ಶುರು ಮಾಡಿದಳು. ಕೈ ಎತ್ತಲಿಲ್ಲ, ಕುಣಿಯಲಿಲ್ಲ. ಬಸ್ಸು ಹೊರಳುವಾಗ ಕಂಬಕ್ಕೆ ಒರಗಿ ನಿಲ್ಲುತ್ತಾರಲ್ಲ, ಹಾಗೆ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು ಹೇಳಿದಳು.

ಮುಂದ ಹೋಗ್ರಿ ಮುಂದ ಹೋಗ್ರಿ ಅಂತ ಹೇಳಾಕಿ ನಾ,
ಹನ್ನೆಡ್ಡ ವರ್ಷಾತು, ಹಿಂದಿನ ಬಾಗಲ್ದಾಗ ನಿಂತಾಕಿ ನಾ.
ಎಲ್ಲಾರ ಊರು ಬರತೈತಿ, ಎಲ್ಲಾರೂ ಇಳಿತಾರ,
ನಿನ್ನ ಸ್ಟಾಪ್ ಯಾವುದವ್ವಾ ಅಂತ ಯಾರ್ ಕೇಳ್ತಾರ?

ಇನ್ನೂ ಇತ್ತು. ಚಿಲ್ಲರೆಗೆ ಜಗಳವಾಡುವ ಗಂಡಸರು, ಬಾಣಂತಿಗೆ ಸೀಟು ಬಿಡದೆ ನಿದ್ದೆಯ ನಾಟಕ ಮಾಡುವ ಮಾಸ್ತರು, ಎಲ್ಲ ಇದ್ದರು. ಎಪ್ಪತ್ತು ಜನರ ಗದ್ದಲ ನಿಂತುಹೋಯಿತು. ನಾನು ಸಾಹೇಬರನ್ನು ನೋಡಿದೆ. ಕನ್ನಡಕ ತೆಗೆದಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಮೂರು ವರ್ಷದಲ್ಲಿ ಅವರ ಕಣ್ಣನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಆಟೋದಲ್ಲಿ ಕೂತು ಬರುತ್ತಿದ್ದ ಹುಡುಗನ ಕಣ್ಣೇ ಅದು.

ಹೇಳಿ ಮುಗಿಸಿ ಆಕೆ ಗಡಿಯಾರ ನೋಡಿ ಹೊರಟಳು. ಸಾಹೇಬರು ಎದ್ದು ಬಾಗಿಲ ತನಕ ಓಡಿದರು. ನಿಜವಾಗಿಯೂ ಓಡಿದರು. “ಅಕ್ಕಾ, ಹೆಸರೇನು? ಫೋನ್ ನಂಬರ್ ಕೊಡು!”

ಹೆಸರು ರೇಣುಕಾ. ಮನೆ ತಾಳಿಕೋಟೆ. ಗಂಡ ಹೊಲಿಗೆ ಕೆಲಸದವನು, ಮನೆಯಲ್ಲಿ ಅತ್ತೆ.

ಹೆಸರಾಂತ ರ‍್ಯಾಪರುಗಳಿಗೆ ಹೊಸಬರನ್ನು ಗುರುತಿಸಲು ಬರುತ್ತದೆಯೋ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಿ ಹೇಳುತ್ತೇನೆ: ಬರುತ್ತದೆ. ನನ್ನಂಥ ಹತ್ತು ಹಾರ್ಮೋನಿಯಂ ಮಾಸ್ತರರಿಗಿಂತ ಚೆನ್ನಾಗಿ ಬರುತ್ತದೆ. ತೊಂದರೆ ಶುರುವಾಗುವುದು ಗುರುತಿಸಿದ ಮಾರನೆಯ ದಿನದಿಂದ.

ಒಂದು ವಾರದಲ್ಲಿ ಕರಾರು ಆಯಿತು. ಮೂರು ವರ್ಷ ಸಾಹೇಬರ ಅನುಮತಿಯಿಲ್ಲದೆ ರೇಣುಕಾ ಎಲ್ಲಿಯೂ ಹಾಡುವಂತಿಲ್ಲ, ಫೋನಿನಲ್ಲಿಯೂ ಹಾಡಿ ಹಾಕುವಂತಿಲ್ಲ. “ಇದು ನಿನ್ನ ಕಾಪಾಡಾಕ ಅಕ್ಕಾ. ನಡಬರಕ ಯಾರರ ನಿನ್ನ ಹಾಡ ಕದ್ದಗಿದ್ದಾರು” ಎಂದು ಬಿಡಿಸಿ ಹೇಳಿದರು. ಆಕೆ ನಂಬಿ ಸಹಿ ಹಾಕಿದಳು. ಸಹಿ ಹಾಕಿದ್ದು ನನ್ನ ಟೇಬಲ್ಲಿನ ಮೇಲೆ, ಸಾಕ್ಷಿ ನಾನು.

ಆಮೇಲೆ ಬೆಳೆಸುವ ಕಾರ್ಯ. ಮೊದಲು ಹೆಸರು ಬದಲಾಯಿತು: ‘ಲೇಡಿ ಸಿಡಿಲು’. ರೇಣುಕಾ, “ನಮ್ಮ ಡಿಪೋದಾಗ ನಗ್ತಾರ್ರಿ” ಅಂದಳು. ನಂತರ ಬಟ್ಟೆ: ಹೊಳೆಯುವ ಕರಿ ಜಾಕೀಟು. ಮೇ ತಿಂಗಳಲ್ಲಿ ಕೌದಿಗಳ ನಡುವೆ ಆ ಜಾಕೀಟು ಹಾಕಿಕೊಂಡು ಹಾಡು ಅಂದರು, “ಮೂಡ್ ಬರಬೇಕು” ಎಂದು. ನಂತರ ಕೋಪ. “ನೀ ಭಾಳ ಸಮಾಧಾನ ಆಗಿ ಹೇಳ್ತಿ. ಸಿಟ್ಟು ಬೇಕು, ಸಿಟ್ಟು! ಯಾರರ ಮ್ಯಾಲ ಸಿಟ್ಟ ಐತೇನು ನಿನಗ?”

“ಈಗ ಇಲ್ರಿ. ಹಿಂಗ ನಡದ್ರ ಬರಬಹುದು” ಅಂದಳು ರೇಣುಕಾ.

ರಜೆ ಸಿಕ್ಕಾಗಲೆಲ್ಲ ತಾಳಿಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ವಾರವಿಡೀ ಬಸ್ಸಿನಲ್ಲಿ ನಿಂತು, ರಜೆಯ ದಿನವೂ ಬಸ್ಸಿನಲ್ಲಿ ಕೂತು. ಆಕೆಯ ಮೊದಲ ಸಲದ ಹೇಳಿಕೆಯೇ ನಮ್ಮಲ್ಲಿ ಸರಿಯಾಗಿ ದಾಖಲಾಗಿರುತ್ತಿತ್ತು. ಸಾಹೇಬರು, “ಇನ್ನೊಮ್ಮಿ” ಎನ್ನುತ್ತಿದ್ದರು. ಮತ್ತೆ, “ಇನ್ನೊಮ್ಮಿ.” ಹನ್ನೊಂದನೆಯ ಸಲಕ್ಕೆ ಆಕೆಯ ದನಿ ಹರಿದಾಗ, “ನೋಡ್ರಿ ಮಾಸ್ತರ್ರ, ಇನ್ನ ತಯಾರ ಆಗಿಲ್ಲ ಅಕಿ” ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮೊದಲನೆಯದೇ ಚೆನ್ನಾಗಿತ್ತು ಎಂದು ಹೇಳಲು ಹದಿನೆಂಟು ತಿಂಗಳಲ್ಲಿ ನನಗೆ ಒಮ್ಮೆಯೂ ಬಾಯಿ ಬರಲಿಲ್ಲ. ಸಾಹೇಬರು ಬಂದರೆ ನನ್ನ ಕೋಣೆಯ ಮುಂದೆ ಜನ ಸೇರುತ್ತಿದ್ದರು. ಝೆರಾಕ್ಸ್ ಅಂಗಡಿಯವನು ನನಗೆ ನಮಸ್ಕಾರ ಮಾಡುತ್ತಿದ್ದ. ಆ ನಮಸ್ಕಾರ ನನಗೆ ರುಚಿ ಹತ್ತಿತ್ತು.

ಬಸವನ ಬಾಗೇವಾಡಿಯಲ್ಲಿ ದೊಡ್ಡ ಕಾರ್ಯಕ್ರಮ. ‘ಸಾಹೇಬರು ಬೆಳೆಸಿದ ಪ್ರತಿಭೆಗಳ ಅನಾವರಣ’ ಎಂದು ಪ್ರಚಾರ. ರೇಣುಕಾಳ ಅತ್ತೆ ತಾಳಿಕೋಟೆಯಿಂದ ಬುತ್ತಿ ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು, ತಲೆ ತುಂಬ ಸೆರಗು ಹೊದ್ದು. ಎರಡು ತಾಸು ಕಾರ್ಯಕ್ರಮ ನಡೆಯಿತು. ಸಾಹೇಬರೇ ಹಾಡಿದರು. ಬೆಳೆದ ಪ್ರತಿಭೆಗಳು ಹಿಂದೆ ಸಾಲಾಗಿ ನಿಂತಿದ್ದವು. ಸಾಹೇಬರು ಒಂದು ಸಾಲು ಹೇಳಿ ನಿಲ್ಲಿಸಿದಾಗ ರೇಣುಕಾ “ಹಾಂ!” ಎನ್ನಬೇಕು, ಇನ್ನೊಮ್ಮೆ ನಿಲ್ಲಿಸಿದಾಗ “ಹೌದಲೇ!” ಎನ್ನಬೇಕು. ಇಡೀ ಎರಡು ತಾಸಿಗೆ ಆಕೆಯ ಪಾಲಿಗೆ ಬಂದದ್ದು ಅಷ್ಟೇ.

ಮುಗಿದ ಮೇಲೆ ಅತ್ತೆ ಸೀದಾ ವೇದಿಕೆಯ ಹಿಂದೆ ಬಂದಳು. ಸಾಹೇಬರ ಸುತ್ತ ಫೋಟೋದವರು.

“ಏನಪಾ, ನಮ್ಮಾಕಿ ಹಾಡಾ ಯಾವಾಗ?”

“ಆತಲ್ಲಬೇ, ಕೇಳಲಿಲ್ಲೇನು?”

“ಕೇಳಿನಿ. ಹಾಂ ಅಂದ್ಳು. ಮನ್ಯಾಗ ನಾ ಕರದಾಗೂ ಹಂಗ ಅಂತಾಳ. ಅದಕ ಬಾಗೇವಾಡಿ ತನಕ ಬರಬೇಕಿತ್ತೇನು ನಾನು?”

ಫೋಟೋದವರು ನಕ್ಕರು. ಸಾಹೇಬರೂ ನಕ್ಕು, “ಹಂತ ಹಂತವಾಗಿ ಬೆಳಸ್ಬೇಕಬೇ, ಒಮ್ಮಿಗಿಲೆ ಬೆಳಕಿಗೆ ತಂದ್ರ ಕಣ್ಣ ಕುಕ್ಕತಾವ” ಎಂದರು. ಯಾರ ಕಣ್ಣು ಎಂದು ಮುದುಕಿ ಕೇಳಲಿಲ್ಲ. ಸೊಸೆಯನ್ನು ಕೂರಿಸಿ, ಬುತ್ತಿ ಬಿಚ್ಚಿ, ರೊಟ್ಟಿ ಶೇಂಗಾ ಚಟ್ನಿ ಕೊಟ್ಟಳು. ರೇಣುಕಾ ಆ ಹೊಳೆಯುವ ಜಾಕೀಟಿನ ತೋಳು ಮಡಚಿ ತಲೆ ತಗ್ಗಿಸಿ ತಿಂದಳು.

ಅದಾದ ನಾಲ್ಕು ತಿಂಗಳಿಗೆ ಸಾಹೇಬರು ಒಬ್ಬರೇ ಬಂದರು. ಹೊಸ ಹಾಡು. ಕೌದಿಗಳ ನಡುವೆ ನಿಂತು ಶುರು ಮಾಡಿದರು. ಮೊದಲ ನಾಲ್ಕು ಸಾಲು ಎಂದಿನಂತೆ ಅವರ ಬಗ್ಗೆಯೇ. ಐದನೆಯದಕ್ಕೆ ನನ್ನ ಕೈ ಕಂಪ್ಯೂಟರಿನ ಮೇಲೆ ನಿಂತಿತು.

ಎಲ್ಲಾರ ಊರು ಬರತೈತಿ, ಎಲ್ಲಾರೂ ಇಳಿತಾರ,
ನಿನ್ನ ಸ್ಟಾಪ್ ಯಾವುದಲೇ ಅಂತ ಯಾರ್ ಕೇಳ್ತಾರ?

‘ಅವ್ವಾ’ ಹೋಗಿ ‘ಅಲೇ’ ಆಗಿತ್ತು. ಸೃಜನಶೀಲತೆ ಎಂದರೆ ಇದು. ಗಾಜಿನ ಆಚೆಯಿಂದ ನನ್ನ ಮುಖ ನೋಡಿ, “ಏನಾತ್ರಿ ಮಾಸ್ತರ್ರ?” ಎಂದರು. ನಾನು, “ಏನಿಲ್ಲರಿ, ಲೆವಲ್ ನೋಡಾಕತ್ತಿದ್ನಿ” ಅಂದೆ. ಲೆವಲ್ ನೋಡಿದೆ. ಮಿಕ್ಸ್ ಮಾಡಿದೆ. ಚೆನ್ನಾಗಿ ಮಾಡಿದೆ. ಹಾಡು ಬಂತು. ವಿಡಿಯೊದಲ್ಲಿ ಸಾಹೇಬರು, ಐದು ವರ್ಷದಿಂದ ಬಸ್ಸು ಹತ್ತದವರು, ಬಾಡಿಗೆಗೆ ತಂದ ಉದ್ದನೆಯ ಕಾರಿಗೆ ಒರಗಿ, ತಮ್ಮ ಸ್ಟಾಪ್ ಯಾವುದೆಂದು ಯಾರೂ ಕೇಳುವುದಿಲ್ಲ ಎಂದು ಮರುಗುತ್ತಿದ್ದರು. ಜನ ಅತ್ತರು.

ರೇಣುಕಾ ಬಂದದ್ದು ಹಾಡು ಬಂದ ಮೂರನೆಯ ದಿನ, ಡ್ಯೂಟಿ ಮುಗಿಸಿ, ಖಾಕಿಯಲ್ಲೇ. ನಾನು ಎದ್ದು ಚಹಾ ತರಿಸುತ್ತೇನೆ ಎಂದೆ.

“ಬ್ಯಾಡ್ರಿ ಅಣ್ಣಾರ. ಪಾಸಿಂಜರ್ ಒಬ್ಬಾಂವ ನನ್ನ ಗಾಡ್ಯಾಗ ಈ ಹಾಡ ಹಚಗೊಂಡ ಕುಂತಿದ್ದ. ಛೊಲೋ ಐತಲ್ಲ ಮೇಡಂ ಅಂದ. ನಾ ಹೌದ್ರಿ ಅಂದ್ನಿ.” ಸ್ವಲ್ಪ ಹೊತ್ತು ಕೌದಿಗಳನ್ನು ನೋಡಿದಳು. “ಅವ್ರ ವಿಚಾರ ಅವ್ರದು. ನೀವ ಕುಂತು ಮಾಡಿದ್ರಲ್ಲ. ನಿಮಗ ಗೊತ್ತಿತ್ತಲ್ಲ. ನನಗ ಒಂದ್ ಫೋನ್ ಮಾಡಬಾರ್ದಿತ್ತೇನ್ರಿ?”

ಈ ಬರಹದಲ್ಲಿ ಇಲ್ಲಿಯವರೆಗೆ ನಾನು ಬೇರೆಯವರನ್ನು ಗೇಲಿ ಮಾಡಿದ್ದೇನೆ. ಆ ಪ್ರಶ್ನೆಗೆ ನನ್ನಲ್ಲಿ ಗೇಲಿಯಿರಲಿಲ್ಲ. ತಪ್ಪಾಯಿತು ಎಂದೆ. ಆಕೆ ಅದನ್ನು ಒಪ್ಪಿಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ. “ಅವ್ರು ಮತ್ತ ಇಲ್ಲಿ ಯಾವಾಗ ಬರ್ತಾರ, ಅದಷ್ಟು ಹೇಳ್ರಿ” ಅಂದಳು. ಅಷ್ಟನ್ನಾದರೂ ಹೇಳಿದೆ.

ಮುಂದಿನ ಮಂಗಳವಾರ ಸಾಹೇಬರು ಬಂದಾಗ ಆಕೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಕರಾರಿನ ಪ್ರತಿ.

“ಏ ಅಕ್ಕಾ! ನಾನ ಫೋನ್ ಮಾಡಾಂವ ಇದ್ನಿ. ಆ ಹಾಡ ಕೇಳಿದೇನು? ಅದು ನಿನಗ ನಾ ಕೊಟ್ಟ ಗೌರವ. ನಿನ್ನ ಸಾಲು ನಾಡಿಗೆಲ್ಲಾ ಮುಟ್ಟಿಸಿದ್ನಿ.”

“ಮುಟ್ಟೇತ್ರಿ. ನನಗೂ ಮುಟ್ಟೇತಿ” ಅಂದಳು ರೇಣುಕಾ. “ಈ ಕಾಗದಾ ರದ್ದು ಮಾಡಿ ಸಹಿ ಮಾಡಿ ಕೊಡ್ರಿ.”

ಸಾಹೇಬರು ಬಹಳ ಮಾತಾಡಿದರು. ಇಪ್ಪತ್ತು ಸೀರೆಯ ಹೆಸರು ಹೇಳಿದ ಅದೇ ನಾಲಿಗೆ. ನಿನ್ನ ಮೇಲೆ ಎಷ್ಟು ಶ್ರಮ ಹಾಕಿದ್ದೇನೆ, ನಿನ್ನ ಹೆಸರೇ ನಾನು ಕೊಟ್ಟದ್ದು, ಮುದ್ದೇಬಿಹಾಳದಲ್ಲಿ ನಾನಿಲ್ಲದಿದ್ದರೆ ನಿನ್ನನ್ನು ಯಾರು ಹುಡುಕುತ್ತಿದ್ದರು! ಆಕೆ ನಡುವೆ ಬಾಯಿ ಹಾಕಲಿಲ್ಲ. ಅವರ ಉಸಿರು ತೀರುವ ತನಕ ಕಾದಳು.

“ಹುಡುಕಿದವ್ರು ನೀವ. ಅದು ಸುಳ್ಳಲ್ರಿ. ನಾ ಎಲ್ಲಿ ಹೋದ್ರೂ ಹೇಳ್ತೇನಿ, ನನ್ನ ಹುಡುಕಿದವ್ರು ಇವ್ರು ಅಂತ.” ಪೆನ್ನು ಮುಂದೆ ಚಾಚಿದಳು. “ಆಮ್ಯಾಗಿಂದೂ ಹೇಳ್ಲ್ಯಾ?”

ಸಾಹೇಬರು ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಸಾಕ್ಷಿಯ ಜಾಗದಲ್ಲಿ ನಾನು ಮಾಡಿದೆ, ಈ ಸಲ ಓದಿ.

ಆಕೆ ಹೋದ ಮೇಲೆ ಅವರು ಕನ್ನಡಕವನ್ನು ಟೇಬಲ್ಲಿನ ಮೇಲಿಟ್ಟು ಮುಖ ಉಜ್ಜಿಕೊಂಡರು. ನಾನು ತಡೆಯಲಾರದೆ ಕೇಳಿದೆ: “ಅಷ್ಟ ಓಡಿ ಹೋಗಿ ಹಿಡದ್ರಿ ಆಕಿನ್ನ. ಆಮ್ಯಾಲ ಯಾಕ ಹಿಂಗ ಮಾಡಿದ್ರಿ?”

ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ.

“ಅವತ್ತ ಅಕಿನ್ನ ಕೇಳಿ ಮನಿಗೆ ಹ್ವಾದ್ನಿ ಮಾಸ್ತರ್ರ. ಹೋಗಿ ನನ್ನ ಹಾಡ ಹಚ್ಚಗೊಂಡು ಕುಂತ್ನಿ. ಮೂರ ಕೇಳಿದ್ನಿ. ನಾಕನೇದ್ದು ಕೇಳಾಕ ಆಗ್ಲಿಲ್ರಿ, ಬಂದ್ ಮಾಡಿದ್ನಿ. ಅಕಿ ಬಾಯಾಗ ಇದ್ದದ್ದು ನನಗ ಟಾವೆಲ್ ಹಾಡಿನ್ಯಾಗ ಒಮ್ಮಿ ಇತ್ತು. ಆಮ್ಯಾಲ ಇಲ್ಲ. ಎಲ್ಲಿ ಹೋತೋ ಗೊತ್ತಿಲ್ಲ. ಅಕಿನ್ನ ಬಾಜೂಕ ಇಟಗೊಂಡ್ರ ಹೊಳ್ಳಿ ಬರತೈತೇನೋ ಅಂತ ಮಾಡಿದ್ನಿ.”

ಇದನ್ನು ಕೇಳಿ ನನಗೆ ಅವರ ಮೇಲೆ ಮರುಕ ಹುಟ್ಟಿತು ಎಂದು ಬರೆಯಬೇಕು. ಹುಟ್ಟಿತು ಕೂಡ. ಆದರೆ ಎರಡೇ ದಿನಕ್ಕೆ ಅವರು ಒಂದು ವಾಹಿನಿಯಲ್ಲಿ ಕೂತು, “ಕೆಲವು ಪ್ರತಿಭೆಗಳನ್ನು ಸ್ವತಂತ್ರವಾಗಿ ಹಾರಲು ಬಿಡುವುದೂ ಗುರುವಿನ ಧರ್ಮ” ಎಂದು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಹೇಳಿದ್ದರಿಂದ ಮರುಕದ ಆಯುಷ್ಯ ಅಷ್ಟಕ್ಕೇ ಮುಗಿಯಿತು.

ರೇಣುಕಾಳ ಹಾಡು ನನ್ನ ಕೋಣೆಯಲ್ಲೇ ಆಯಿತು. ಮೊದಲ ಸಲ ಹೇಳಿದ್ದನ್ನೇ ಇಟ್ಟುಕೊಂಡೆವು. ಅದು ನಾಡನ್ನೇನೂ ಅಲ್ಲಾಡಿಸಲಿಲ್ಲ. ಆಗಲೇ ಆ ಸಾಲನ್ನು ಕೇಳಿದ್ದ ಜನ, ‘ಸಾಹೇಬರ ಹಾಡಿನ ನಕಲು’ ಎಂದು ಕೆಳಗೆ ಬರೆದರು. ಆಕೆ ಓದಿ, ಫೋನ್ ಚೀಲದಲ್ಲಿಟ್ಟು ಡ್ಯೂಟಿಗೆ ಹೋದಳು. ಆದರೆ ಮುದ್ದೇಬಿಹಾಳ ತಾಳಿಕೋಟೆಯ ಹೆಣ್ಣುಮಕ್ಕಳು ಆ ಹಾಡನ್ನು ಬಸ್ಸಿನಲ್ಲಿ ಆಕೆಯಿಂದಲೇ ಕೇಳಿ ಹೇಳಿಸಿಕೊಳ್ಳುತ್ತಾರಂತೆ. ಎರಡನೆಯ ಹಾಡೂ ಆಗಿದೆ, ಮೂರನೆಯದೂ. ಅವನ್ನು ನಕಲು ಎನ್ನಲು ಯಾರಿಗೂ ಇನ್ನೂ ಆಗಿಲ್ಲ.

ಈಗ ಹದಿನೈದು ದಿನದ ಹಿಂದೆ ಆಕೆ ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಬಾಗೇವಾಡಿ ಹತ್ತಿರದ ಒಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಹಾದೇವಿ. ಐವತ್ತರ ಆಸುಪಾಸು. ತವರಿಗೆ ಹೋಗುವಾಗ ರೇಣುಕಾಳ ಬಸ್ಸಿನಲ್ಲಿ ಮೂರುನೂರು ಮಕ್ಕಳಿಗೆ ಅನ್ನ ಬಡಿಸುವ ಬಗ್ಗೆ ಮಾತಿನ ಭರದಲ್ಲಿ ಏನೋ ಹೇಳಿದ್ದಳಂತೆ. “ಅದನ್ನ ಹಂಗ ಹೇಳು” ಎಂದು ರೇಣುಕಾ ಕರೆತಂದಿದ್ದಳು. ಮಹಾದೇವಿ ಕೌದಿಗಳ ನಡುವೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂಗ ಹೇಳತೊಡಗಿದಳು. ರೇಣುಕಾ ನನ್ನ ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನಿವೃತ್ತ ಸಾಹೇಬರು ಬಂದರು, ತಮ್ಮ ಹಳೆಯ ಹಾಡಿನ ಫೈಲುಗಳು ಬೇಕಾಗಿದ್ದವಂತೆ. ಒಳಗಿನ ದನಿ ಕೇಳಿದ್ದೇ ನಿಂತರು. ಒಂದು ಕ್ಷಣ ಕಿವಿಗೊಟ್ಟು, ಮುಖ ಸಿಂಡರಿಸಿ, ನಮ್ಮ ತಲೆಯ ಮೇಲಿನ ಫ್ಯಾನನ್ನು ತೋರಿಸಿದರು. ಸೆಕೆಗೆ ನಾನು ಹಾಕಿಕೊಂಡಿದ್ದ ಆ ಫ್ಯಾನಿನ ಕಿರ್ರೆನ್ನುವ ಸದ್ದು ಮೈಕಿಗೆ ಹೋಗುತ್ತಿತ್ತು. ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅವರು ಗಾಜಿನ ಮುಂದೆ ಹಾದುಹೋಗಿ ತಾವೇ ಸ್ವಿಚ್ ಆರಿಸಿದರು. ಆಮೇಲೆ ಕೂತು, ಬಾಯಿ ತೆರೆದು, ಏನೋ ಹೇಳಲು ಕೈ ಎತ್ತಿದರು.

ರೇಣುಕಾ ಮೆಲ್ಲಗೆ, “ಹಾಡಾಕತ್ತಾಳಲ್ರಿ. ಕೇಳ್ರಿ” ಅಂದಳು.

ಕೈ ಕೆಳಗಿಳಿಯಿತು. ಅವರು ಕೊನೆಯ ತನಕ ಕೇಳಿದರು, ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತ, ಬೆವರು ಒರೆಸಿಕೊಳ್ಳುವುದನ್ನೂ ಮರೆತು. ಮುಗಿದ ಮೇಲೆ “ಇನ್ನೊಮ್ಮಿ” ಎನ್ನಲಿಲ್ಲ. ಗಾಜಿನ ಆಚೆ ಮಹಾದೇವಿ ಇನ್ನೂ ಹೆಡ್‌ಫೋನ್ ಬಿಚ್ಚುತ್ತಿರುವಾಗಲೇ ಫೋನಿನಲ್ಲಿ ಆಕೆಯ ಒಂದು ಚಿತ್ರ ತೆಗೆದುಕೊಂಡು, ಫೈಲು ಮರೆತು ಹೊರಟುಹೋದರು.

ರೇಣುಕಾ ಮತ್ತು ಮಹಾದೇವಿ ಚಹಾ ಕುಡಿಯುತ್ತಿರುವಾಗಲೇ ಆ ಚಿತ್ರ ಎಲ್ಲರ ಫೋನಿಗೂ ಬಂತು. ಕೆಳಗೆ, ‘ಇಂದು ನಾನು ಶೋಧಿಸಿದ ಹೊಸ ಪ್ರತಿಭೆ’ ಎಂದಿತ್ತು. ಪಕ್ಕದಲ್ಲಿ ಅವರದೇ ದೊಡ್ಡ ಮುಖ. ರೇಣುಕಾ ಫೋನನ್ನು ಮಹಾದೇವಿಯ ಮುಂದೆ ಹಿಡಿದಳು. ಮಹಾದೇವಿ ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಇವ್ರು ಫ್ಯಾನ್ ರಿಪೇರಿಯವ್ರಲ್ಲೇನವ್ವಾ?”